ಮನೆಯ ಹಾಡುಗಳೆಲ್ಲ ಒಂದೇ ಕಡೆ, ಕೇಳುವುದು ಎಲ್ಲ ಕಡೆ: ಹೇಗೆ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಎರಡು ಬೆಡ್‌ರೂಮಿನ ಫ್ಲ್ಯಾಟು. ನಮ್ಮ ಮಾವ ಕುಂದಾಪುರ ಕಡೆಯವರು. ಅವರು ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳನ್ನೂ, ಭೀಮಸೇನ ಜೋಶಿ ಮತ್ತು ಮಲ್ಲಿಕಾರ್ಜುನ ಮನ್ಸೂರರ ಸಿಡಿಗಳನ್ನೂ ನಮ್ಮ ಯಜಮಾನರು ಕಂಪ್ಯೂಟರಿಗೆ ಹಾಕಿದ್ದಾರೆ. ಹಳೆಯ ಸಿನಿಮಾ ಹಾಡುಗಳೂ ಇವೆ. ಎಲ್ಲ ಸೇರಿ 180 ಜಿಬಿ ಆಗಿದೆ. ಈಗ ಪೆನ್‌ಡ್ರೈವ್‌ಗೆ ತುಂಬಿಕೊಂಡು ಟಿವಿಗೆ, ಮೊಬೈಲಿಗೆ ಹಾಕುತ್ತೇವೆ. ಯಾವುದರಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪಿನ ಫೋಲ್ಡರ್ ಶೇರ್ ಮಾಡಿದೆವು, ಟಿವಿಗೆ ಕಾಣಿಸಲೇ ಇಲ್ಲ. ಬೆಡ್‌ರೂಮಿಗೆ ವೈಫೈ ಸಾಲದೆ ಇನ್ನೊಂದು ರೌಟರ್ ಹಾಕಿದ್ದೇವೆ. ಹಳೆಯ ಲ್ಯಾಪ್‌ಟಾಪ್ ಒಂದು ಸುಮ್ನೆ ಬಿದ್ದಿದೆ. ಜಾಸ್ತಿ ಖರ್ಚಿಲ್ಲದೆ ಮನೆಯವರೆಲ್ಲ ಕೇಳುವ ಹಾಗೆ ಮಾಡಬಹುದಾ? ಪುಣೆಯಲ್ಲಿರುವ ನಾದಿನಿಗೂ ಕೇಳಿಸಬೇಕು ಅಂತ ಮಾವನ ಆಸೆ. ಇದೆಲ್ಲ ಕಾನೂನಿಗೆ ಸರಿಯಾ?

ಉತ್ತರ: ಧಾರಾಳವಾಗಿ ಮಾಡಬಹುದು. ಬೇಕಾದದ್ದು ಹೆಚ್ಚುಕಡಿಮೆ ಎಲ್ಲ ನಿಮ್ಮ ಮನೆಯಲ್ಲೇ ಇದೆ. ಹೊಸದಾಗಿ ತರಬೇಕಾದದ್ದು ಒಂದು ಲ್ಯಾನ್ ಕೇಬಲ್ ಮತ್ತು ಎರಡು ಹಾರ್ಡ್‌ಡಿಸ್ಕ್. ಎರಡು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಹುಡುಕಲು ಶುರು ಮಾಡುತ್ತಾರೆ. ನೀವು ಮಾವನಿಂದ ಶುರು ಮಾಡಿ. ಅವರು ಸೋಫಾದಲ್ಲಿ ಕೂತು, ರಿಮೋಟ್ ಹಿಡಿದು, ಯಾರನ್ನೂ ಕರೆಯದೆ ತಮಗೆ ಬೇಕಾದ ಪ್ರಸಂಗ ಹಾಕಿಕೊಳ್ಳಲು ಆಗಬೇಕು. ಅವರಿಗೆ ಸಲೀಸಾದರೆ ಅಡುಗೆಮನೆಯಲ್ಲಿ ನಿಮಗೂ, ರೂಮಿನಲ್ಲಿ ಮಕ್ಕಳಿಗೂ ಸಲೀಸು. ಮೊಬೈಲಿನಲ್ಲಿ ಚೆನ್ನಾಗಿ ಓಡಿ ಟಿವಿಯಲ್ಲಿ ಕಷ್ಟ ಕೊಡುವ ಏರ್ಪಾಡು ನಿಮ್ಮ ಮನೆಗೆ ಬೇಡ.

ಮೊದಲು ಟಿವಿಗೆ ಯಾಕೆ ಕಾಣಿಸಲಿಲ್ಲ ಅನ್ನುವುದನ್ನು ನೋಡೋಣ. ಇದಕ್ಕೆ ಎರಡು ಕಾರಣ ಇರಬಹುದು. ನಿಮ್ಮ ಮನೆಯಲ್ಲಿ ಎರಡೂ ಸೇರಿಕೊಂಡಿವೆ ಅಂತ ನನಗೆ ಅನಿಸುತ್ತದೆ.

ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ಮಾಡಿದಾಗ ಅದು ಎಸ್‌ಎಂಬಿ ಅನ್ನುವ ಪದ್ಧತಿಯಲ್ಲಿ ಹೋಗುತ್ತದೆ. ಇನ್ನೊಂದು ಕಂಪ್ಯೂಟರಿಗೆ ಅದು ಅರ್ಥವಾಗುತ್ತದೆ. ಹೆಚ್ಚಿನ ಟಿವಿಗಳಿಗೆ ಅರ್ಥವಾಗುವುದಿಲ್ಲ. ಟಿವಿಗಳಿಗೆ ಗೊತ್ತಿರುವುದು ಡಿಎಲ್‌ಎನ್‌ಎ, ಅಂದರೆ ಮನೆಯ ಯಂತ್ರಗಳು ಹಾಡು, ಸಿನಿಮಾ ಹಂಚಿಕೊಳ್ಳುವ ಪದ್ಧತಿ. ಟಿವಿ, ಸ್ಪೀಕರ್, ಕಂಪ್ಯೂಟರ್ ಮಾಡುವ ಕಂಪನಿಗಳು 2003ರಲ್ಲಿ ಒಟ್ಟಾಗಿ ಈ ಏರ್ಪಾಡು ಶುರು ಮಾಡಿದವು. ಆ ಒಕ್ಕೂಟ 2017ರಲ್ಲಿ ಮುಚ್ಚಿತು, ಆದರೆ ಪದ್ಧತಿ ಇವತ್ತಿಗೂ ಬಹಳಷ್ಟು ಟಿವಿಗಳಲ್ಲಿ ಉಳಿದಿದೆ. ಹಳೆಯ ಮೀಡಿಯಾ ಪ್ಲೇಯರ್ ಡಬ್ಬಿ ಏನಾದರೂ ನಿಮ್ಮಲ್ಲಿದ್ದರೆ 'ಎಸ್‌ಎಂಬಿ 1 ಆನ್ ಮಾಡಿ' ಅಂತ ಯಾರಾದರೂ ಸಲಹೆ ಕೊಟ್ಟಾರು. ದಯವಿಟ್ಟು ಮಾಡಬೇಡಿ. ಅದು ಎಸ್‌ಎಂಬಿಯ ಬಹಳ ಹಳೆಯ ಆವೃತ್ತಿ. 2017ರಲ್ಲಿ ಪ್ರಪಂಚದ ಎಷ್ಟೋ ಆಸ್ಪತ್ರೆ, ಆಫೀಸುಗಳ ಕಂಪ್ಯೂಟರ್‌ಗಳನ್ನು ಬೀಗ ಹಾಕಿ ಕೂರಿಸಿದ ವಾನಾಕ್ರೈ ಅನ್ನುವ ದುಷ್ಟ ಸಾಫ್ಟ್‌ವೇರ್ ಹರಡಿದ್ದೇ ಅದರ ಮೂಲಕ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಎರಡನೇ ಕಾರಣ ನಿಮ್ಮ ಎರಡನೇ ರೌಟರ್. ಹಾಡು ಕೊಡುವ ಯಂತ್ರವನ್ನು ಟಿವಿ ಹುಡುಕುವುದು ಕೂಗಿ ಕರೆದ ಹಾಗೆ. 'ಹಾಡು ಕೊಡುವವರು ಯಾರಿದ್ದೀರಿ?' ಅಂತ ಅದು ತನ್ನ ನೆಟ್‌ವರ್ಕಿನಲ್ಲಿ ಒಂದು ಕೂಗು ಹಾಕುತ್ತದೆ. ಆ ಕೂಗು ರೌಟರ್ ದಾಟಿ ಆಚೆ ಹೋಗುವುದಿಲ್ಲ. ಟಿವಿ ಇಂಟರ್ನೆಟ್ ಕಂಪನಿಯ ರೌಟರಿಗೂ ಲ್ಯಾಪ್‌ಟಾಪ್ ಬೆಡ್‌ರೂಮಿನ ರೌಟರಿಗೂ ಸೇರಿದ್ದರೆ ಅವೆರಡೂ ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ.

ಪತ್ತೆ ಮಾಡುವುದು ಸುಲಭ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಸ್ಟೇಟಸ್ ತೆರೆದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಲ್ಯಾಪ್‌ಟಾಪಿನದ್ದೂ ಬರೆದುಕೊಳ್ಳಿ. ಟಿವಿಯದ್ದು 192.168.29.14, ಲ್ಯಾಪ್‌ಟಾಪಿನದ್ದು 192.168.0.105 ಅಂತ ಬಂತು ಅಂದುಕೊಳ್ಳಿ. ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆ ಒಂದೇ ಇರಬೇಕಿತ್ತು. ಇಲ್ಲಿ 29 ಮತ್ತು 0 ಬೇರೆ ಬೇರೆ. ಅಲ್ಲಿಗೆ ಕಾರಣ ಸಿಕ್ಕಿತು.

ಇದನ್ನು ಸರಿಮಾಡಲು ಎರಡನೇ ರೌಟರಿನ ಸೆಟ್ಟಿಂಗ್ಸ್‌ಗೆ ಹೋಗಿ, ಆಪರೇಷನ್ ಮೋಡ್ ಅನ್ನುವಲ್ಲಿ ರೌಟರ್ ಬದಲು ಆಕ್ಸೆಸ್ ಪಾಯಿಂಟ್ ಅಂತ ಆರಿಸಿ. ಆಗ ಅದು ತನ್ನದೇ ನೆಟ್‌ವರ್ಕ್ ಕಟ್ಟುವುದನ್ನು ಬಿಟ್ಟು, ಹಾಲ್‌ನಲ್ಲಿರುವ ಮೊದಲ ರೌಟರಿನ ನೆಟ್‌ವರ್ಕನ್ನೇ ಬೆಡ್‌ರೂಮಿಗೂ ತಲುಪಿಸುತ್ತದೆ. ಹಳೆಯ ಮಾಡೆಲ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೂ ದಾರಿ ಇದೆ. ಅದರ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಅದರ ಸ್ವಂತ ವಿಳಾಸವನ್ನು ಮೊದಲ ರೌಟರಿನ ಸಾಲಿಗೆ ಹೊಂದುವಂತೆ, ಬೇರೆ ಯಾವ ಯಂತ್ರಕ್ಕೂ ಇಲ್ಲದ ಅಂಕಿಗೆ ಬದಲಿಸಿ. ಕೇಬಲನ್ನು ವ್ಯಾನ್ ಅಂತ ಬರೆದ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟ್ ಒಂದಕ್ಕೆ ಹಾಕಿ. ಗೆಸ್ಟ್ ವೈಫೈಗೆ ಟಿವಿ ಸೇರಿಸಿದ್ದರೆ ಅದನ್ನೂ ಬದಲಿಸಿ. ಗೆಸ್ಟ್‌ನಲ್ಲಿರುವ ಯಂತ್ರಗಳು ಮನೆಯ ಉಳಿದ ಯಂತ್ರಗಳನ್ನು ನೋಡದಂತೆ ತಡೆ ಇರುತ್ತದೆ.

ವೈಫೈ ವೇಗದ ಬಗ್ಗೆ ಚಿಂತೆ ಬೇಡ. ಸಿಡಿಯ ಸಂಗೀತವನ್ನು ಒಂಚೂರೂ ಕುಗ್ಗಿಸದೆ ಕಳಿಸಿದರೂ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು. ಮೂರು ಜನ ಒಟ್ಟಿಗೆ ಕೇಳಿದರೂ 5 ದಾಟುವುದಿಲ್ಲ. ಹಾಡು ನಡುವೆ ತಡವರಿಸಿದರೆ ಅದು ವೇಗದ ಕೊರತೆ ಅಲ್ಲ, ಸಿಗ್ನಲ್ ಗಲಾಟೆ. ಡೊಂಬಿವಲಿಯ ಬಿಲ್ಡಿಂಗುಗಳಲ್ಲಿ ಮೊಬೈಲ್ ತೆರೆದರೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರು ಸಾಲುಸಾಲಾಗಿ ಬರುತ್ತವೆ ಅಲ್ವಾ? 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6, 11. ಅಷ್ಟೂ ಮನೆಗಳು ಅವನ್ನೇ ಹಂಚಿಕೊಳ್ಳಬೇಕು. ಅದಕ್ಕೇ ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. ಹಾಡು ಕೊಡುವ ಯಂತ್ರವನ್ನಂತೂ ವೈಫೈಗೆ ಬಿಡಲೇಬೇಡಿ, ಕೇಬಲ್ ಹಾಕಿ. ನಾನು ಲ್ಯಾನ್ ಕೇಬಲ್ ತರಲು ಹೇಳಿದ್ದು ಇದಕ್ಕೆ.

ಈಗ ಯಂತ್ರಕ್ಕೆ ಬರೋಣ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಧಾರಾಳ ಸಾಕು. ಹಾಡು ಕೊಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸ ಅಲ್ಲ. ಸ್ಕ್ರೀನ್ ಆಫ್ ಮಾಡಿ ಹಗಲು ರಾತ್ರಿ ಇಟ್ಟರೂ ಇಂಥ ಲ್ಯಾಪ್‌ಟಾಪ್ ಎಳೆಯುವುದು ಹತ್ತರಿಂದ ಹದಿನೈದು ವ್ಯಾಟ್. ಹದಿನೈದೇ ಅಂತ ಇಟ್ಟುಕೊಂಡರೂ ತಿಂಗಳಿಗೆ 11 ಯೂನಿಟ್ ಆಗುತ್ತದೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಂದರೆ ಇದರ ಮೂರರಲ್ಲೊಂದು ಪಾಲು ಸಾಕು. ಆದರೆ ಅದಕ್ಕೆ ಹೊಸದಾಗಿ ದುಡ್ಡು ಹಾಕಬೇಕು. ನೆಟ್‌ವರ್ಕಿಗೆ ಡಿಸ್ಕ್ ಸೇರಿಸುವ, ನಾಸ್ ಅನ್ನುವ ದುಬಾರಿ ಡಬ್ಬಿ ನಿಮಗೆ ಖಂಡಿತ ಬೇಡ. ರೌಟರಿನ ಯುಎಸ್‌ಬಿಗೆ ನೇರ ಡಿಸ್ಕ್ ಚುಚ್ಚುವ ಉಪಾಯವೂ ಇದೆ. ಅದು ಕೆಲಸ ಮಾಡುತ್ತದೆ, ಆದರೆ ಅದರೊಳಗಿನ ಸಾಫ್ಟ್‌ವೇರ್ ಬಹಳ ಸಣ್ಣದು. ಸಾವಿರಾರು ಹಾಡಿನ ಪಟ್ಟಿಯಲ್ಲಿ ಮಾವ ಕಳೆದುಹೋಗುತ್ತಾರೆ.

ಲ್ಯಾಪ್‌ಟಾಪನ್ನು ಯಾವಾಗಲೂ ಆನ್ ಇಡುವಾಗ ಮೂರು ವಿಷಯ ನೋಡಿಕೊಳ್ಳಿ. ಮುಚ್ಚಳ ಮುಚ್ಚಿದರೂ ಮಲಗಬಾರದು ಅಂತ ಪವರ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ. ಹಾಡು ನಡುವೆ ನಿಂತುಹೋಗುವುದಕ್ಕೆ ಬಹಳ ಸಲ ಇದೇ ಕಾರಣ. ಬ್ಯಾಟರಿ ಸದಾ ನೂರಕ್ಕೆ ನೂರು ತುಂಬಿದ್ದರೆ ಉಬ್ಬಬಹುದು. 60 ಅಥವಾ 80ಕ್ಕೆ ನಿಲ್ಲಿಸುವ ಸೌಲಭ್ಯ ನಿಮ್ಮ ಮಾಡೆಲ್‌ನಲ್ಲಿದ್ದರೆ ಆನ್ ಮಾಡಿ. ಇಲ್ಲವಾದರೆ ತಿಂಗಳಿಗೊಮ್ಮೆ ಅಡಿಭಾಗ ಮುಟ್ಟಿ ನೋಡಿ, ಉಬ್ಬು ಕಂಡರೆ ಬ್ಯಾಟರಿ ತೆಗೆಸಿಬಿಡಿ. ಮೂರನೆಯದು ಜಾಗ. ನಮ್ಮ ಕಡೆಯ ಮಳೆಗಾಲದ ಥಂಡಿ ಗೊತ್ತಲ್ಲ. ಕಿಟಕಿ ಪಕ್ಕ, ನೆಲದ ಮೇಲೆ ಇಡಬೇಡಿ. ಟಿವಿ ಸ್ಟ್ಯಾಂಡಿನ ಹಿಂದೆ, ಗಾಳಿಯಾಡುವ ಜಾಗ ಒಳ್ಳೆಯದು.

ಅದರಲ್ಲಿ ವಿಂಡೋಸ್ 10 ಇದ್ದರೆ, ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸದಾ ನೆಟ್‌ವರ್ಕಿನಲ್ಲಿರುವ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕುವುದು ವಾಸಿ. ಅದು ಉಚಿತ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಲಿನಕ್ಸ್ ಹಾಕಿದವರು ಎಡವುವ ಒಂದು ಜಾಗ ಇದೆ, ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಚುಚ್ಚಿದ ತಕ್ಷಣ ಲಿನಕ್ಸ್ ಅದನ್ನು ನಿಮ್ಮ ಹೆಸರಿನ ಕೆಳಗೆ ತೆರೆಯುತ್ತದೆ. ಹಾಡಿನ ಸರ್ವರ್, ಅಂದರೆ ಹಾಡು ಕೊಡುವ ಸಾಫ್ಟ್‌ವೇರ್, ಓಡುವುದು ಬೇರೆ ಹೆಸರಿನಲ್ಲಿ. ನಿಮ್ಮ ಕಣ್ಣಿಗೆ ಹಾಡುಗಳೆಲ್ಲ ಕಾಣುತ್ತವೆ, ಸರ್ವರಿಗೆ ಫೋಲ್ಡರ್ ಖಾಲಿ. ಡಿಸ್ಕ್ ಕಂಪ್ಯೂಟರ್ ಶುರುವಾಗುವಾಗಲೇ ಒಂದು ಖಾಯಂ ಜಾಗದಲ್ಲಿ ತೆರೆದುಕೊಳ್ಳುವಂತೆ ಮಾಡಿ, ಓದಲು ಎಲ್ಲರಿಗೂ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಬರೆಯಲು ಮಾತ್ರ ಯಜಮಾನರಿಗೊಬ್ಬರಿಗೆ ಅನುಮತಿ ಇರಲಿ. ಅಪ್ಪಿತಪ್ಪಿ ಯಾರೂ ಅಳಿಸಲಾಗಬಾರದು.

ಸಾಫ್ಟ್‌ವೇರ್ ವಿಷಯದಲ್ಲಿ ನನ್ನ ಆಯ್ಕೆ ಜೆಲ್ಲಿಫಿನ್. 2018ರ ಡಿಸೆಂಬರ್‌ನಲ್ಲಿ ಎಂಬಿ ಅನ್ನುವ ಸಾಫ್ಟ್‌ವೇರಿನಿಂದ ಕವಲೊಡೆದು ಬಂದದ್ದು. ಪೂರ್ತಿ ಉಚಿತ, ತಿಂಗಳ ಬಾಡಿಗೆ ಇಲ್ಲ, ನಿಮ್ಮ ಹಾಡಿನ ಲೆಕ್ಕ ಹೊರಗಿನ ಯಾರಿಗೂ ಹೋಗುವುದಿಲ್ಲ. ಆಂಡ್ರಾಯ್ಡ್ ಟಿವಿಗೂ ಎಲ್‌ಜಿ ಟಿವಿಗೂ ಅದರ ಆ್ಯಪ್ ಸಿಗುತ್ತದೆ. ಆ್ಯಪ್ ಸಿಗದ ಟಿವಿಗೆ ಡಿಎಲ್‌ಎನ್‌ಎ ಇದೆ. 2024ರ 10.9 ಆವೃತ್ತಿಯಿಂದ ಅದನ್ನು ಬೇರೆ ಪ್ಲಗಿನ್ ಮಾಡಿದ್ದಾರೆ, ಮೆನುವಿನಿಂದ ನೀವೇ ಸೇರಿಸಿಕೊಳ್ಳಬೇಕು. ಫೋನಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ವಿಳಾಸ ಬರೆದು ಮುಂದೆ ಒಂದು ಕೋಲನ್, 8096 ಅಂತ ಹಾಕಿದರೆ ತೆರೆಯುತ್ತದೆ. ಆ ವಿಳಾಸ ದಿನಕ್ಕೊಂದು ಆಗದಂತೆ ಹಾಲಿನ ರೌಟರಿನಲ್ಲಿ ಆ ಲ್ಯಾಪ್‌ಟಾಪಿಗೆ ಕಾಯ್ದಿರಿಸಿ.

ಬರೀ ಸಂಗೀತಕ್ಕೆ, ಬರೀ ಮೊಬೈಲಿನಲ್ಲಿ ಕೇಳುವವರಿಗೆ ನ್ಯಾವಿಡ್ರೋಮ್ ಇನ್ನೂ ಚೆಂದ. ಬಹಳ ಹಗುರ, ಹುಡುಕಾಟ ಚುರುಕು, ಫೋನಿಗೆ ಒಳ್ಳೊಳ್ಳೆಯ ಆ್ಯಪ್‌ಗಳಿವೆ. ಆದರೆ ಅದಕ್ಕೆ ಡಿಎಲ್‌ಎನ್‌ಎ ಬರುವುದಿಲ್ಲ, ಮಾವನ ಟಿವಿಗೆ ಕಷ್ಟ. ಮುಂದೆ ಮನಸ್ಸಾದರೆ ಅದೇ ಫೋಲ್ಡರಿಗೆ ಎರಡನ್ನೂ ತೋರಿಸಬಹುದು, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಜೆಲ್ಲಿಫಿನ್‌ನಲ್ಲಿ ಮೂರು ಬೇರೆ ಲೈಬ್ರರಿ ಮಾಡಿ: ತಾಳಮದ್ದಳೆ, ಶಾಸ್ತ್ರೀಯ ಸಂಗೀತ, ಸಿನಿಮಾ ಹಾಡು. ಮನೆಯ ಒಬ್ಬೊಬ್ಬರಿಗೂ ಒಂದು ಯೂಸರ್. ಮಾವನ ಯೂಸರಿಗೆ ಅವರಿಗೆ ಬೇಕಾದ ಎರಡೇ ಲೈಬ್ರರಿ ಕಾಣಲಿ, ಪಾಸ್‌ವರ್ಡ್ ಬೇಡ. ತಾಳಮದ್ದಳೆಯ ಲೈಬ್ರರಿಗೆ ಇಂಟರ್ನೆಟ್‌ನಿಂದ ಮಾಹಿತಿ ಮತ್ತು ಚಿತ್ರ ತರುವ ಆಯ್ಕೆಯನ್ನು ಆಫ್ ಮಾಡಿ. ಆನ್ ಇದ್ದರೆ ಹೆಸರು ಸ್ವಲ್ಪ ಹೋಲುವ ಯಾವುದೋ ದೇಶದ ಆಲ್ಬಮ್ಮಿನ ಫೋಟೋ ತಂದು ಅಂಟಿಸುತ್ತದೆ. ಅದರ ಬದಲು ಕ್ಯಾಸೆಟ್ಟಿನ ಡಬ್ಬಿಯ ಫೋಟೋ ನೀವೇ ತೆಗೆಯಿರಿ. ಮಾವ ಕೈಯಲ್ಲಿ ಬರೆದ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಒಂದೊಂದು ಪ್ರಸಂಗದ ಫೋಲ್ಡರಿನಲ್ಲಿ ಆ ಫೋಟೋವನ್ನು ಇಂಗ್ಲಿಷಿನಲ್ಲಿ ಕವರ್ ಅಂತ ಹೆಸರಿಟ್ಟು ಹಾಕಿದರೆ ಟಿವಿಯಲ್ಲಿ ಅದೇ ದೊಡ್ಡದಾಗಿ ಕಾಣುತ್ತದೆ. ಮಾವ ಓದಬೇಕಾಗಿಯೇ ಇಲ್ಲ. ನೀಲಿ ಶಾಯಿಯ ತಮ್ಮ ಅಕ್ಷರ ನೋಡಿದ ಕೂಡಲೇ ಅದು ಯಾವ ಕ್ಯಾಸೆಟ್ಟು ಅಂತ ಅವರಿಗೆ ಗೊತ್ತಾಗುತ್ತದೆ.

ಇಲ್ಲಿಯವರೆಗಿನದ್ದು ಒಂದು ಭಾನುವಾರದ ಕೆಲಸ. ನಿಜವಾದ ಕೆಲಸ ಇನ್ನು ಮುಂದಿದೆ. ಅದು ಹೆಸರು ಬರೆಯುವುದು. ಇದರಲ್ಲಿ ಮಾತ್ರ ಅವಸರ ಮಾಡಬೇಡಿ.

ಸರ್ವರ್ ಹಾಡನ್ನು ಗುರುತಿಸುವುದು ಅದರೊಳಗೆ ಬರೆದ ಟ್ಯಾಗ್ (ಹಾಡು, ಗಾಯಕರು, ಆಲ್ಬಮ್ಮಿನ ಹೆಸರಿರುವ ಚೀಟಿ) ನೋಡಿ. ಒಂದು ಸಿಡಿಯಲ್ಲಿ 'ಭೀಮಸೇನ ಜೋಶಿ', ಇನ್ನೊಂದರಲ್ಲಿ 'ಪಂ. ಭೀಮಸೇನ ಜೋಷಿ', ಮತ್ತೊಂದರಲ್ಲಿ 'ಭೀಮಸೇನ್ ಜೋಶಿ' ಅಂತ ಇದ್ದರೆ ಅದರ ಲೆಕ್ಕಕ್ಕೆ ಮೂರು ಜನ ಗಾಯಕರು. ಹಾಗಾಗಿ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳ ಪಟ್ಟಿ ಮಾಡಿ, ಒಬ್ಬರಿಗೆ ಒಂದೇ ಕಾಗುಣಿತ. ಆಮೇಲೆ ಎಂಪಿ3ಟ್ಯಾಗ್ ಅಥವಾ ಕಿಡ್3 ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ನೂರಾರು ಫೈಲ್‌ಗಳನ್ನು ಒಟ್ಟಿಗೆ ಆರಿಸಿ ತಿದ್ದಬಹುದು.

ಕನ್ನಡದಲ್ಲೇ ಬರೆಯಿರಿ, ಆದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಪದ್ಧತಿಯಲ್ಲಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಟಿವಿಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಆ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು ಅಷ್ಟೆ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಎಂಪಿ3 ಟ್ಯಾಗಿನ ಮೊದಲ ಆವೃತ್ತಿಯಲ್ಲಿ ಒಂದು ಹೆಸರಿಗೆ 30 ಅಕ್ಷರದ ಜಾಗ ಮಾತ್ರ, ಅದೂ ಇಂಗ್ಲಿಷಿಗೆ. ಹಾಗಾಗಿ ಸೇವ್ ಮಾಡುವಾಗ ಐಡಿ3 ಅನ್ನುವ ಆ ಟ್ಯಾಗಿನ ಎರಡನೇ ಆವೃತ್ತಿ ಆರಿಸಿ. ಗುಣ ಕಳೆಯದೆ ಸಂಗೀತ ಇಡುವ ಫ್ಲ್ಯಾಕ್ ಬಗೆಯ ಫೈಲ್‌ಗಳಲ್ಲಿ ಈ ತೊಂದರೆಯೇ ಇಲ್ಲ, ಅದರ ಟ್ಯಾಗ್ ಯಾವಾಗಲೂ ಯೂನಿಕೋಡ್. ಟಿವಿಯಲ್ಲಿ ಬರೀ ಚೌಕ ಚೌಕ ಕಂಡರೆ ಆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಅರ್ಥ. ಆಗ ಕವರ್ ಫೋಟೋ ಕೈಹಿಡಿಯುತ್ತದೆ.

ನಿಮ್ಮ ಮಕ್ಕಳು ಇಲ್ಲೇ ಹುಟ್ಟಿ ಬೆಳೆದವರಾದರೆ ಅವರಿಗೆ ಕನ್ನಡ ಮಾತು ಬರಬಹುದು, ಓದಲು ಬರದೇ ಇರಬಹುದು. ಮುಂಬಯಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಹೀಗೇ ಇದೆ. ಅದಕ್ಕಾಗಿ ಆಲ್ಬಮ್ಮಿನ ಹೆಸರಿನಲ್ಲಿ ಮೊದಲು ಕನ್ನಡ, ಒಂದು ಗೆರೆ, ಆಮೇಲೆ ಇಂಗ್ಲಿಷ್ ಅಕ್ಷರ ಹೀಗೆ ಎರಡೂ ಬರೆದಿಡಿ. ಅಜ್ಜ ಕನ್ನಡದಲ್ಲಿ ನೋಡುತ್ತಾರೆ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಸ್ವಲ್ಪ ಹೆಚ್ಚಿನ ಕೆಲಸವೇ, ಆದರೆ ಇದನ್ನು ಬಿಡಬೇಡಿ. ಹುಡುಕಿದರೆ ಸಿಗದ ಹಾಡನ್ನು ಮಕ್ಕಳು ಎರಡನೇ ಸಲ ಹುಡುಕುವುದಿಲ್ಲ.

ತಾಳಮದ್ದಳೆಗೆ ನಾನು ಹೀಗೆ ಬರೆಯಿಸುತ್ತೇನೆ. ಆಲ್ಬಮ್ ಅಂದರೆ ಪ್ರಸಂಗ, ಅದರ ಪಕ್ಕದಲ್ಲಿ ಊರು ಮತ್ತು ವರ್ಷ. ಆಲ್ಬಮ್ ಆರ್ಟಿಸ್ಟ್ ಅಂದರೆ ಪದ್ಯ ಹಾಡುವ ಭಾಗವತರು. ಟ್ರ್ಯಾಕ್ ಹೆಸರು 'ಕ್ಯಾಸೆಟ್ 1, ಎ ಸೈಡ್' ಅಂತ ಬಿಡಬೇಡಿ. ಅದರ ಮುಂದೆ ಆ ಭಾಗದಲ್ಲಿ ಏನು ನಡೆಯುತ್ತದೆ ಅಂತ ಒಂದು ಸಾಲು ಸೇರಿಸಿ, 'ಕರ್ಣನ ಪೀಠಿಕೆ' ಅನ್ನುವ ಹಾಗೆ. ಯಾವ ಅರ್ಥಧಾರಿ (ಪಾತ್ರದ ಮಾತು ಆಡುವವರು) ಯಾವ ಪಾತ್ರ ಅನ್ನುವುದು ಕಮೆಂಟ್ ಅನ್ನುವ ಜಾಗಕ್ಕೆ. ಹಿಮ್ಮೇಳದವರ ಹೆಸರೂ ಇರಲಿ, ಮದ್ದಳೆ ಯಾರದ್ದು, ಚೆಂಡೆ ಯಾರದ್ದು ಅಂತ. ಊರಲ್ಲಿ ಮೇಳಗಳ ತಿರುಗಾಟ ಮುಗಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವುದುಂಟು. ಮಾವ ಹಾಗೆ ಇಲ್ಲಿಯ ಕೂಟಗಳಲ್ಲಿ ಕೂತು ರೆಕಾರ್ಡ್ ಮಾಡಿಕೊಂಡದ್ದೂ ಇದ್ದರೆ, ಆ ಮಾಹಿತಿ ಯಾವ ಇಂಟರ್ನೆಟ್ಟಿನಲ್ಲೂ ಸಿಗುವುದಿಲ್ಲ. ಅದು ಇರುವುದು ಅವರ ನೆನಪಿನಲ್ಲಿ ಮಾತ್ರ. ಸಂಜೆ ಚಹಾ ಹೊತ್ತಿಗೆ ದಿನಕ್ಕೊಂದು ಕ್ಯಾಸೆಟ್ಟಿನ ಐದು ನಿಮಿಷ ಹಾಕಿ, 'ಮಾವ, ಇದು ಯಾರ ದನಿ?' ಅಂತ ಕೇಳಿ ಬರೆದುಕೊಳ್ಳಿ. ಇಡೀ ಏರ್ಪಾಡಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ.

ಮೂರು ಗಂಟೆಯ ಕೂಟವನ್ನು ಒಂದೇ ಫೈಲ್ ಮಾಡಿದ್ದರೆ ಅದನ್ನು ಒಡೆಯಿರಿ. ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಬೇಕೆಂದರೆ ಟಿವಿ ರಿಮೋಟಿನಲ್ಲಿ ಓಡಿಸುತ್ತಾ ಕೂರಬೇಕಾಗುತ್ತದೆ. ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಪದ್ಯ ಶುರುವಾಗುವ ಕಡೆ ಒಂದೊಂದು ಗುರುತು ಹಾಕಿದರೆ ಅದೇ ತುಂಡು ಮಾಡಿ ಕೊಡುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಒಂದು ಸೈಡ್ ಅಂದರೆ 45 ನಿಮಿಷ, ಅದನ್ನು ಮೂರೋ ನಾಲ್ಕೋ ತುಂಡು ಮಾಡಿದರೆ ಹದ.

ಶಾಸ್ತ್ರೀಯ ಸಂಗೀತದ ಕಷ್ಟ ಬೇರೆ. ಅಲ್ಲಿ ಕೇಳುವವರು ಹಾಡಿನ ಹೆಸರಿನಿಂದ ಹುಡುಕುವುದಿಲ್ಲ, ರಾಗದಿಂದ ಹುಡುಕುತ್ತಾರೆ. ಹಾಗಾಗಿ ಟ್ರ್ಯಾಕ್ ಹೆಸರಿನಲ್ಲಿ ರಾಗ ಮೊದಲು ಬರಲಿ: 'ಯಮನ್, ವಿಲಂಬಿತ' (ನಿಧಾನ ಲಯ), 'ಯಮನ್, ದ್ರುತ' (ವೇಗದ ಲಯ). ಕಛೇರಿಯ ರೆಕಾರ್ಡಿಂಗ್ ಆದರೆ ಜಾಗ, ವರ್ಷ ಬೇಕೇ ಬೇಕು. ಪುಣೆಯ ಸವಾಯಿ ಗಂಧರ್ವ ಉತ್ಸವ 1953ರಲ್ಲಿ ಶುರುವಾದದ್ದು, ಭೀಮಸೇನ ಜೋಶಿಯವರು ಅಲ್ಲಿ ದಶಕಗಟ್ಟಲೆ ಹಾಡಿದ್ದಾರೆ. ವರ್ಷ ಬರೆಯದಿದ್ದರೆ ಒಂದೇ ರಾಗದ ಎರಡು ಕಛೇರಿಗಳಲ್ಲಿ ಯಾವುದು ಯಾವಾಗಿನದ್ದು ಅಂತ ಹೇಗೆ ತಿಳಿಯುತ್ತದೆ? ಅವರು ದಾಸರ ಪದಗಳನ್ನೂ, ಮನ್ಸೂರರು ವಚನಗಳನ್ನೂ ಹಾಡಿದ್ದಾರೆ. ಅಂಥವಕ್ಕೆ ಕಂಪೋಸರ್ ಅನ್ನುವ ಜಾಗದಲ್ಲಿ ಪುರಂದರದಾಸರು, ಬಸವಣ್ಣ, ಅಕ್ಕಮಹಾದೇವಿ ಅಂತ ಬರೆಯಿರಿ. ಆಗ ಬಸವಣ್ಣನ ವಚನಗಳನ್ನು ನಿಮ್ಮಲ್ಲಿ ಯಾರ್ಯಾರು ಹಾಡಿದ್ದಾರೆ ಅಂತ ಒಂದೇ ಕಡೆ ನೋಡಬಹುದು. ಈ ಜಾಗವನ್ನು ಬಹಳ ಜನ ಖಾಲಿ ಬಿಡುತ್ತಾರೆ, ನಮ್ಮ ಸಂಗೀತಕ್ಕೆ ಅದರಷ್ಟು ಉಪಯೋಗದ ಜಾಗ ಬೇರೆ ಇಲ್ಲ.

ವಿಲಂಬಿತ ಮುಗಿದು ದ್ರುತ ಹಿಡಿಯುವಲ್ಲಿ ಒಂದು ಕ್ಷಣ ಸದ್ದು ಕತ್ತರಿಸಿದರೆ ಮಾವನಂಥ ಕೇಳುಗರಿಗೆ ಬಹಳ ಬೇಸರ. ಎಂಪಿ3 ಮಾಡುವಾಗ ಫೈಲಿನ ಆಚೆ ಈಚೆ ಸ್ವಲ್ಪ ಖಾಲಿ ಸದ್ದು ಸೇರಿಕೊಳ್ಳುತ್ತದೆ. ಫ್ಲ್ಯಾಕ್‌ನಲ್ಲಿ ಸೇರುವುದಿಲ್ಲ. ಸಿಡಿಗಳು ಇನ್ನೂ ಮನೆಯಲ್ಲಿದ್ದರೆ ಖ್ಯಾಲಿನ ಸಿಡಿಗಳನ್ನಾದರೂ ಫ್ಲ್ಯಾಕ್‌ಗೆ ಮತ್ತೆ ತೆಗೆಯಿರಿ. ಫ್ಲ್ಯಾಕ್ ಸಂಗೀತದಲ್ಲಿ ಒಂದು ಚೂರೂ ಬಿಡದೆ, ಮೂಲದ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರುತ್ತದೆ. ಕ್ಯಾಸೆಟ್‌ಗಳು ವೇವ್ ಫೈಲ್ ಆಗಿದ್ದರೆ ಅವನ್ನೂ ಫ್ಲ್ಯಾಕ್ ಮಾಡಿ, ವೇವ್‌ನಲ್ಲಿ ಟ್ಯಾಗ್ ಸರಿಯಾಗಿ ನಿಲ್ಲುವುದಿಲ್ಲ. ಈಗಾಗಲೇ ಎಂಪಿ3 ಆಗಿರುವುದನ್ನು ಫ್ಲ್ಯಾಕ್‌ಗೆ ಬದಲಿಸುವುದು ಮಾತ್ರ ವ್ಯರ್ಥ. ಹೋದದ್ದು ವಾಪಸ್ ಬರುವುದಿಲ್ಲ, ಜಾಗ ಮಾತ್ರ ಜಾಸ್ತಿ ಹಿಡಿಯುತ್ತದೆ. ಸಿನಿಮಾ ಹಾಡಿಗೆ ಒಂದೇ ಮಾತು: ಆಲ್ಬಮ್ ಆರ್ಟಿಸ್ಟ್ ಜಾಗದಲ್ಲಿ ಎಲ್ಲ ಹಾಡಿಗೂ ಒಂದೇ ಹೆಸರು ಹಾಕಿ. ಇಲ್ಲದಿದ್ದರೆ ಗಾಯಕರಿಗೊಂದರಂತೆ ಸಿನಿಮಾ ಚೂರುಚೂರಾಗುವ ಸಾಧ್ಯತೆ ಇದೆ.

ಟಿವಿ ಸ್ಪೀಕರಿನ ದನಿ ಸಣ್ಣದು. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದ್ದರೆ, ಹೆಡ್‌ಫೋನ್ ತೂತಿರುವ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಆಕ್ಸ್ ಕೇಬಲ್ಲಿನಲ್ಲಿ ಅದಕ್ಕೆ ಸೇರಿಸಿ, ಚಾರ್ಜರಿಗೆ ಹಾಕಿಡಿ. ಅದರಲ್ಲಿ ಬಬಲ್‌ಯುಪಿಎನ್‌ಪಿ ಆ್ಯಪ್ ಹಾಕಿದರೆ ನಿಮ್ಮ ಕೈಯ ಫೋನಿನಿಂದಲೇ ಹಾಲಿನಲ್ಲಿ ಹಾಡು ಶುರು ಮಾಡಬಹುದು. ಬೆಳಿಗ್ಗೆ ದೋಸೆ ಹಾಕುತ್ತಾ ಮಾವನಿಗೆ ಭೈರವ್ ಹಾಕಿಕೊಡಬಹುದು.

ಇನ್ನು ಪುಣೆ. ಎರಡು ಡಿಸ್ಕ್ ತನ್ನಿ ಅಂದದ್ದು ಇದಕ್ಕೇ. ಕ್ಯಾಸೆಟ್ಟಿನ ಟೇಪಿಗೆ ಇಲ್ಲಿಯ ತೇವಕ್ಕೆ ಬೂಸಲು ಹಿಡಿಯುತ್ತದೆ, ಮತ್ತೊಮ್ಮೆ ತೆಗೆಯಲು ಆಗದೆ ಹೋಗಬಹುದು. ಹಾಗಾಗಿ ಕಂಪ್ಯೂಟರಿನಲ್ಲಿರುವುದೇ ಈಗ ಮೂಲ. ಅದು ಒಂದೇ ಡಿಸ್ಕಿನಲ್ಲಿ ಇರಬಾರದು. ಒಂದು ಡಿಸ್ಕ್ ಸರ್ವರಿಗೆ, ಇನ್ನೊಂದು ಅದರ ಪೂರ್ತಿ ನಕಲು. ಆ ನಕಲು ಅದೇ ಮನೆಯ ಕಪಾಟಿನಲ್ಲಿದ್ದರೆ ಬೆಂಕಿ, ನೀರು, ಕಳ್ಳತನ ಬಂದರೆ ಎರಡು ಡಿಸ್ಕೂ ಒಟ್ಟಿಗೆ ಹೋಗುತ್ತವೆ. ನಾದಿನಿ ಹಬ್ಬಕ್ಕೆ ಬಂದಾಗ ಅದನ್ನು ಅವರ ಕೈಗೆ ಕೊಟ್ಟು ಕಳಿಸಿ. ಅವರ ಟಿವಿಗೆ ಚುಚ್ಚಿಕೊಂಡು ಕೇಳುತ್ತಾರೆ, ನಿಮ್ಮ ಸಂಗ್ರಹಕ್ಕೂ ಇನ್ನೊಂದು ಊರಿನಲ್ಲಿ ಕಾವಲಾಗುತ್ತದೆ. ಮುಂದಿನ ಸಲ ಬರುವಾಗ ತಂದರೆ ಹೊಸದು ಸೇರಿಸಿ ವಾಪಸ್ ಕೊಡಿ. ಹಳೆಯ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೂ ಜಾಗವಿದ್ದರೆ ಮೂರನೇ ಪ್ರತಿ ಇರಲಿ.

ನೇರವಾಗಿ ನಿಮ್ಮ ಸರ್ವರಿನಿಂದಲೇ ಕೇಳಬೇಕೆಂದರೆ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಬಳಸಿ. ಮನೆಬಳಕೆಗೆ ಉಚಿತ. ನಿಮ್ಮ ಲ್ಯಾಪ್‌ಟಾಪಿಗೂ ಅವರ ಫೋನಿಗೂ ಹಾಕಿದರೆ ಎರಡರ ನಡುವೆ ಗುಟ್ಟಿನ ದಾರಿಯೊಂದು ತೆರೆಯುತ್ತದೆ. ಈಗ ಬಹಳ ಕಡೆ ಇಂಟರ್ನೆಟ್ ಕಂಪನಿಗಳು ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ, ಹಾಗಾಗಿ ರೌಟರಿನಲ್ಲಿ ಪೋರ್ಟ್ ತೆರೆಯುವ ಹಳೆಯ ಉಪಾಯ ಎಷ್ಟೋ ಮನೆಗಳಲ್ಲಿ ನಡೆಯುವುದೇ ಇಲ್ಲ. ನಡೆದರೂ ಬೇಡ. ನಿಮ್ಮ ಮನೆಯ ಬಾಗಿಲನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವುದು ಯಾಕೆ?

ಕೊನೆಗೆ ಕಾನೂನು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಖಾಸಗಿ, ಸ್ವಂತ ಬಳಕೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತದೆ. ದುಡ್ಡು ಕೊಟ್ಟು ತಂದ ಸಿಡಿಯನ್ನು ಮನೆಯವರು ಮನೆಯಲ್ಲಿ ಕೇಳುವುದಕ್ಕೆ ನಾನು ಹೆದರುವುದಿಲ್ಲ. ತಾಳಮದ್ದಳೆಯಲ್ಲಿ ಕೂತು ಮಾವ ತಾವು ಕೇಳಲೆಂದು ಮಾಡಿಕೊಂಡ ರೆಕಾರ್ಡಿಂಗ್‌ಗೂ 39ನೇ ಕಲಮಿನಲ್ಲಿ ಅವಕಾಶ ಇದೆ. ಮನೆಯ ಆಚೆಗೆ ಹಂಚುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಮತ್ತೆ ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಹಾಗಾಗಿ ವಾಟ್ಸಾಪ್ ಗುಂಪಿಗೆ ಲಿಂಕ್ ಕೊಡುವುದು, ಯೂಟ್ಯೂಬಿಗೆ ಏರಿಸುವುದು ಬೇಡ. ಬಂಧುಗಳ ಹೋಟೆಲಿನಲ್ಲಿ ಹಾಕುತ್ತೇವೆ ಅಂದರೂ ಅದು ಸಾರ್ವಜನಿಕ ಪ್ರಸಾರ, ಪರವಾನಗಿ ಬೇಕು. ಅಪರೂಪದ ಕೂಟವೊಂದು ಹತ್ತು ಜನಕ್ಕೆ ತಲುಪಲಿ ಅಂತ ಮಾವನಿಗೆ ಅನಿಸಿದರೆ, ಆ ಭಾಗವತರನ್ನೂ ಅರ್ಥಧಾರಿಗಳನ್ನೂ, ಅವರು ಇಲ್ಲದಿದ್ದರೆ ಅವರ ಮನೆಯವರನ್ನೂ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.